ಉಡುಪಿಯಲ್ಲಿ ಹೊಳೆ ಪಕ್ಕದ ಬಾಡಿಗೆ ಮನೆ: ಅಡ್ವಾನ್ಸ್ ಕೊಡುವ ಮೊದಲು ಬಾವಿ ನೋಡಿ

ಉಡುಪಿಯಲ್ಲಿ ಬಾಡಿಗೆ ಮನೆ ಹುಡುಕುವವರು ಒಮ್ಮೆ ಇದನ್ನು ಓದಿ. ಅದರಲ್ಲೂ ಕಲ್ಸಂಕ, ಬೈಲಕೆರೆ, ಮಠದಬೆಟ್ಟು, ಗುಂಡಿಬೈಲು ಕಡೆಯ ತಗ್ಗಿನಲ್ಲಿ ನೋಡುತ್ತಿದ್ದರೆ. ಪೇಟೆ ಹತ್ತಿರ, ಬಾಡಿಗೆ ಕಡಿಮೆ, ಅಂಗಳದಲ್ಲೇ ಬಾವಿ. ನಾವು ಹೋದದ್ದೂ ಇದಕ್ಕೇ.

ಮನೆ ತೋರಿಸಿದ್ದು ಏಪ್ರಿಲ್‌ನಲ್ಲಿ. ಇಂದ್ರಾಣಿ ಹೊಳೆಯಲ್ಲಿ ಆಗ ಕಪ್ಪು ನೀರು ತೆಳ್ಳಗೆ ಹರಿಯುತ್ತಿತ್ತು. ಮಳೆಗಾಲದಲ್ಲಿ ನೀರು ಬರ್ತದಾ ಅಂತ ಕೇಳಿದೆವು. "2020ರಲ್ಲಿ ಒಂದ್ಸಲ ಬಂದಿತ್ತು, ಆಗ ಇಡೀ ಉಡುಪಿಗೇ ಬಂದಿತ್ತಲ್ಲ" ಅಂದರು ಮಾಲೀಕರು. ಅರ್ಧ ನಿಜ. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಕೃಷ್ಣಮಠದ ಪಾರ್ಕಿಂಗ್ ಜಾಗವೂ ಮುಳುಗಿತ್ತು. ಆದರೆ ತಗ್ಗಿನ ಮನೆಗೆ ನೀರು ನುಗ್ಗಲು ಅಂಥ ಮಳೆಯೇ ಬೇಕಿಲ್ಲ. ಜುಲೈಯಲ್ಲಿ ರಾತ್ರಿಯಿಡೀ ಜೋರು ಮಳೆ, ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರ, ಅಷ್ಟು ಸಾಕು. ಹೊಳೆ ನೀರು ಕಡಲಿಗೆ ಇಳಿಯದೆ ಹಿಂದೆ ನಿಲ್ಲುತ್ತದೆ. ಮೊದಲೆಲ್ಲ ಅದು ಗದ್ದೆಯಲ್ಲಿ ಹರಡಿಕೊಳ್ಳುತ್ತಿತ್ತು. ಈಗ ಗದ್ದೆಗೆ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದ್ದಾರೆ. ನೀರು ಎಲ್ಲಿಗೆ ಹೋಗಬೇಕು?

ನಮ್ಮ ಮನೆಗೆ ಬಂತು. ಹಾಸಿಗೆ, ಮಿಕ್ಸಿ, ಮಕ್ಕಳ ಪುಸ್ತಕ ಎಲ್ಲ ಹೋದವು. ಮಧ್ಯಾಹ್ನದ ಹೊತ್ತಿಗೆ ನೀರು ಇಳಿಯಿತು. ನಿಜವಾದ ತೊಂದರೆ ಶುರುವಾದದ್ದು ಆಮೇಲೆ, ಬಾವಿಯಿಂದ.

ಬಾವಿಕಟ್ಟೆ ಗಿಡ್ಡ. ನೆರೆ ನೀರು ಅದರ ಮೇಲಿಂದಲೇ ಒಳಗೆ ಹೋಗಿತ್ತು. ಇಂದ್ರಾಣಿಗೆ ಊರಿನ ಕೊಳಚೆ ಸೇರುತ್ತದೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. "ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕಿ, ಸರಿ ಆಗ್ತದೆ" ಅಂತ ಮಾಲೀಕರು ಫೋನಿನಲ್ಲೇ ಹೇಳಿ ಮುಗಿಸಿದರು. ವಾರದೊಳಗೆ ಮನೆಯಲ್ಲಿ ಇಬ್ಬರಿಗೆ ವಾಂತಿ ಭೇದಿ.

ಮುಷ್ಟಿ ಲೆಕ್ಕ ನಡೆಯುವುದಿಲ್ಲ, ಬಾವಿಯಲ್ಲಿ ಎಷ್ಟು ನೀರಿದೆ ನೋಡಿ ಅಳೆದು ಹಾಕಬೇಕು. ಮಾಮೂಲಿ ಬಾವಿಗೇ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬಿಟ್ಟು, ಕೊಡಪಾನ ಇಳಿಸಿ ಎತ್ತಿ ಚೆನ್ನಾಗಿ ಬೆರೆಸಬೇಕು. ಕಡಿಮೆ ಅಂದರೂ ಒಂದು ಗಂಟೆ ಆ ನೀರು ಮುಟ್ಟಬಾರದು. ನೆರೆ ನುಗ್ಗಿದ ಬಾವಿಗೆ ಈ ಅಳತೆ ಸಾಲದು. ಮೊದಲು ನೀರೆತ್ತಿ ಕೆಸರು ತೆಗೆಸಬೇಕು, ಆಮೇಲೆ ಜಾಸ್ತಿ ಪ್ರಮಾಣದ ಮದ್ದು. ಎಷ್ಟು ಅಂತ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಷ್ಟಾದರೂ ಕೆಂಪುಕಲ್ಲಿನ ತೂತುಗಳಿಂದ ಕೊಳಚೆ ಮತ್ತೆ ಜಿನುಗಬಹುದು. ನಮ್ಮಲ್ಲಿ ಆದದ್ದು ಅದೇ. ಕ್ಲೋರಿನ್ ವಾಸನೆ ಹೋದ ಹಿಂದೆಯೇ ಗಬ್ಬು ವಾಸನೆ ಬಂತು. ಕೊನೆಗೆ ಮನೆಯನ್ನೇ ಬಿಟ್ಟೆವು.

ಇನ್ನೊಂದು. ನೆರೆ ನೀರಿನಲ್ಲಿ ಓಡಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಸುಮ್ನೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ನೀರಿಗೆ ಇಳಿದ ವಿಷಯ ಡಾಕ್ಟರಿಗೆ ಹೇಳಿ. ಇಲಿ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ನಮ್ಮ ಕರಾವಳಿಯಲ್ಲಿ ಇದ್ದದ್ದೇ, ಕಾಲಿನಲ್ಲಿ ಗಾಯ ಇದ್ದರಂತೂ ಅದರ ರೋಗಾಣು ಬೇಗ ಒಳಗೆ ಹೋಗುತ್ತದೆ.

ಮನೆ ನೋಡುವಾಗ ಮಾಲೀಕರ ಮಾತಿಗಿಂತ ಗೋಡೆ ನಂಬಬಹುದು. ಮೊಣಕಾಲಿನವರೆಗೆ ಮಾತ್ರ ಹೊಸ ಬಣ್ಣ ಇದೆಯಾ? ಪ್ಲಗ್ ಪಾಯಿಂಟ್‌ಗಳೆಲ್ಲ ಎದೆಮಟ್ಟದಲ್ಲಿ ಇವೆಯಾ? ಪಂಪಿನ ಮೋಟರ್ ಎತ್ತರದ ಕಟ್ಟೆ ಮೇಲೆ ಕೂತಿದೆಯಾ? ಪಕ್ಕದ ಮನೆಯವರು ಫ್ರಿಜ್ಜಿನ ಕೆಳಗೆ ಕಲ್ಲು ಇಟ್ಟಿದ್ದಾರಾ? ಅವರಿಗೆ ಸುಳ್ಳು ಹೇಳಬೇಕಾದ ಅಗತ್ಯ ಇಲ್ಲ, ಕೇಳಿ ನೋಡಿ. ಆಚೆ ಬೀದಿಯ ಅಂಗಡಿಯವರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಒಮ್ಮೆ ಮಳೆ ಬರುವಾಗಲೇ ಹೋಗಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಬಾವಿ ನೀರನ್ನೂ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ.

ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ನೆರೆ ಬಂದರೆ ಅಥವಾ ಬಾವಿ ಕೆಟ್ಟರೆ ನೋಟಿಸ್ ಇಲ್ಲದೆ ಬಿಡಬಹುದು, ಅಡ್ವಾನ್ಸ್ ಪೂರ್ತಿ ವಾಪಸ್ ಕೊಡಬೇಕು ಅಂತ. ನಮ್ಮದರಲ್ಲಿ ಆ ಸಾಲು ಇರಲಿಲ್ಲ. ಅರ್ಧ ದುಡ್ಡು ಈಗಲೂ ಅವರ ಹತ್ತಿರವೇ ಇದೆ. ಮನೆಗೆ ಹೊಸ ಬಣ್ಣ ಹೊಡೆಸಿ, ಬಾಡಿಗೆಗೆ ಇದೆ ಅಂತ ಬೋರ್ಡೂ ಹಾಕಿದ್ದಾರೆ.