ಡಿ2 ರಿಸೆಪ್ಟರ್ ಡೇಟಾ: ಕೆಂಬಲ್ ಸಾಕೇ, ಬೈಂಡಿಂಗ್‌ಡಿಬಿಯೂ ಬೇಕೇ?

ಮೊದಲೇ ಹೇಳಿಬಿಡುತ್ತೇನೆ. ರಿಸೆಪ್ಟರ್‌ಗೆ (ಜೀವಕೋಶದಲ್ಲಿ ಸಂಕೇತ ಹಿಡಿಯುವ ಪ್ರೋಟೀನ್) ಯಾವ ಲಿಗ್ಯಾಂಡ್ (ಅದಕ್ಕೆ ಅಂಟುವ ಅಣು) ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬ ಲೆಕ್ಕಕ್ಕೆ ಒಂದೇ ಡೇಟಾಬೇಸ್ ಆರಿಸು ಎಂದರೆ ನನ್ನ ಕೈ ಕೆಂಬಲ್ ಕಡೆಗೇ ಹೋಗುತ್ತದೆ. ಮಿಕ್ಕವು ಕೆಟ್ಟವೆಂದಲ್ಲ. ಅವನ್ನು ಇದರ ಜೊತೆ ಬೆರೆಸುವಾಗ ಆಗುವ ಎಡವಟ್ಟಿನ ಬಗ್ಗೆ ಯಾರೂ ಸರಿಯಾಗಿ ಎಚ್ಚರಿಸುವುದಿಲ್ಲ. ಉದಾಹರಣೆಗೆ ಮನುಷ್ಯರ ಡೋಪಮಿನ್ ಡಿ2 ರಿಸೆಪ್ಟರ್ ಇಟ್ಟುಕೊಳ್ಳೋಣ: ಇದರ ಗುರುತಿನ ಸಂಖ್ಯೆ ಪ್ರೋಟೀನ್‌ಗಳ ಡೇಟಾಬೇಸ್ ಯೂನಿಪ್ರಾಟ್‌ನಲ್ಲಿ ಪಿ14416, ಕೆಂಬಲ್‌ನಲ್ಲಿ ಕೆಂಬಲ್217. ಸೈಕೋಸಿಸ್‌ಗೆ ಕೊಡುವ ಹೆಚ್ಚಿನ ಔಷಧಗಳು ಕೆಲಸ ಮಾಡುವುದು ಇಲ್ಲೇ ಆದ್ದರಿಂದ ಎಲ್ಲಿ ಹುಡುಕಿದರೂ ಡೇಟಾ ಧಾರಾಳ.

ಕೆಂಬಲ್ ಮತ್ತು ಅಂಥದ್ದೇ ಇನ್ನೊಂದು ಡೇಟಾಬೇಸ್ ಬೈಂಡಿಂಗ್‌ಡಿಬಿ ಎರಡನ್ನೂ ಇಳಿಸಿ ಒಂದರ ಕೆಳಗೊಂದು ಅಂಟಿಸಿದರೆ ಡೇಟಾ ಎಷ್ಟೋ ಪಟ್ಟು ಹೆಚ್ಚಿದಂತೆ ಕಾಣುತ್ತದೆ. ಹೆಚ್ಚಿರುವುದಿಲ್ಲ. ಸಂಶೋಧನಾ ಪತ್ರಿಕೆಗಳಿಂದ ಕೆಂಬಲ್ ಎತ್ತಿದ ಅಳತೆಗಳನ್ನು ಬೈಂಡಿಂಗ್‌ಡಿಬಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅಮೆರಿಕದ ಪೇಟೆಂಟ್‌ಗಳಿಂದ ಬೈಂಡಿಂಗ್‌ಡಿಬಿ ಎತ್ತಿದ್ದನ್ನು ಕೆಂಬಲ್ ತರಿಸಿಕೊಳ್ಳುತ್ತದೆ. ಪಿಡಿಎಸ್‌ಪಿ ಎಂಬ ಮೂರನೇ ಡೇಟಾಬೇಸಿನ ಕೆಐ (ಅಂಟುವ ಬಲದ ಅಳತೆ, ಕಡಿಮೆಯಿದ್ದಷ್ಟೂ ಗಟ್ಟಿ) ಅಂಕಿಗಳೂ ಬೈಂಡಿಂಗ್‌ಡಿಬಿಯಲ್ಲಿವೆ. ಅಕ್ಕಪಕ್ಕದ ಮನೆಯವರು ಸಕ್ಕರೆ ಕೊಟ್ಟು ತೆಗೆದುಕೊಂಡ ಹಾಗೆ. ಡಬ್ಬಿ ಎರಡು, ಸಕ್ಕರೆ ಒಂದೇ.

ಇದರಿಂದ ಎರಡು ಪೆಟ್ಟು. ಒಂದೇ ಅಳತೆ ಎರಡು ಸಲ ಕಂಡಾಗ, ಎರಡು ಪ್ರಯೋಗಾಲಯಗಳಿಗೆ ಒಂದೇ ಉತ್ತರ ಬಂದಿದೆ ಎಂದು ನಂಬುತ್ತೇವೆ. ಇನ್ನೊಂದು ಹೆಚ್ಚು ಅಪಾಯದ್ದು: ಅಂಟುವ ಬಲವನ್ನು ಊಹಿಸುವ ಕಂಪ್ಯೂಟರ್ ಮಾಡೆಲ್‌ಗಾಗಿ ಡೇಟಾವನ್ನು ಕಲಿಸುವ ಸೆಟ್ಟು, ಪರೀಕ್ಷಿಸುವ ಸೆಟ್ಟು ಎಂದು ಯಾದೃಚ್ಛಿಕವಾಗಿ ಸೀಳಿದಾಗ ಅವಳಿಗಳಲ್ಲೊಂದು ಆ ಕಡೆ, ಒಂದು ಈ ಕಡೆ ಬೀಳುತ್ತದೆ. ಮಾಡೆಲ್ ಉತ್ತರಪತ್ರಿಕೆ ನೋಡಿಕೊಂಡೇ ಪಾಸಾಗುತ್ತದೆ.

ತೊಳೆಯುವ ಕ್ರಮ ಹೀಗೆ. ಬೈಂಡಿಂಗ್‌ಡಿಬಿಯ ಟಿಎಸ್‌ವಿ ಫೈಲಿನಲ್ಲಿ ಡೇಟಾ ಎಲ್ಲಿಂದ ಬಂತೆಂದು ಹೇಳುವ ಕಾಲಮ್ ಇದೆ. ಅಲ್ಲಿ ಕೆಂಬಲ್ ಎಂದಿರುವ ಸಾಲುಗಳನ್ನೆಲ್ಲ ಮೊದಲು ಕಿತ್ತುಹಾಕಿ. ಕೆಂಬಲ್ ಕಡೆ ಸೋರ್ಸ್ ಸಂಖ್ಯೆ 37 ಎಂದರೆ ಬೈಂಡಿಂಗ್‌ಡಿಬಿಯ ಪೇಟೆಂಟ್ ಡೇಟಾ. ಅದನ್ನೂ ತೆಗೆಯಿರಿ, ಪೇಟೆಂಟ್ ಅಳತೆಗಳು ಬೈಂಡಿಂಗ್‌ಡಿಬಿಯಿಂದಲೇ ಬರಲಿ. ಉಳಿದದ್ದನ್ನು ಇಂಚಿಕೀ (ಅಣುವಿನ ರಚನೆಯಿಂದ ಹುಟ್ಟುವ ಗುರುತಿನ ಅಕ್ಷರಸಾಲು), ಯೂನಿಪ್ರಾಟ್ ಸಂಖ್ಯೆ, ಅಳತೆಯ ಬಗೆ, ಎರಡು ದಶಮಾಂಶಕ್ಕೆ ಇಳಿಸಿದ ಪಿಕೆಐ (ಕೆಐಯ ಋಣ ಲಾಗರಿದಮ್) — ಈ ನಾಲ್ಕನ್ನೂ ಸೇರಿಸಿ ಹೋಲಿಸಿ.

ಇಂಚಿಕೀಯಲ್ಲೂ ಒಂದು ಮುಳ್ಳಿದೆ. ಅದರ ಮೊದಲ 14 ಅಕ್ಷರಗಳನ್ನಷ್ಟೇ ಹೋಲಿಸುವ ಚಾಳಿ ಹಲವರಿಗಿದೆ. ಆ ಭಾಗಕ್ಕೆ ಎಡಗೈ, ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಅಣುಗಳ ವ್ಯತ್ಯಾಸ ತಿಳಿಯದು. ಬ್ಯುಟಕ್ಲಮಾಲ್ ಎಂಬ ಅಣುವಿನ ಧನ ರೂಪ ಡಿ2ಗೆ ಬಿಗಿಯಾಗಿ ಅಂಟುತ್ತದೆ, ಋಣ ರೂಪ ಹೆಚ್ಚುಕಡಿಮೆ ಅಂಟುವುದೇ ಇಲ್ಲ. 14 ಅಕ್ಷರಕ್ಕೆ ಎರಡೂ ಒಂದೇ. ಪೂರ್ತಿ 27 ಅಕ್ಷರ ಬಳಸಿ. ಆದರೆ ಬಳಸುವ ಮೊದಲು ಲವಣ ಕಳಚಿ, ಏಕೆಂದರೆ ಹೈಡ್ರೋಕ್ಲೋರೈಡ್ ಸೇರಿದರೆ ಇಂಚಿಕೀಯೇ ಬದಲಾಗುತ್ತದೆ. ಕೆಂಬಲ್‌ನಲ್ಲಿ ಲವಣಕ್ಕೂ ಮೂಲ ಅಣುವಿಗೂ ನಂಟು ಹಾಕಿದ ಟೇಬಲ್ಲೇ ಇದೆ. ಬೇರೆ ಕಡೆಯ ಅಣುಗಳಿಗೆ ಆರ್‌ಡಿಕಿಟ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಆ ಕೆಲಸ ನಾವೇ ಮಾಡಬೇಕು.

ಇನ್ನು > ಚಿಹ್ನೆ. ಬೈಂಡಿಂಗ್‌ಡಿಬಿಯಲ್ಲಿ ಅದು ಅಂಕಿಯ ಮೈಗೇ ಅಂಟಿಕೊಂಡು >10000 ಎಂದಿರುತ್ತದೆ. ಕಾಲಮನ್ನು ಬಲವಂತವಾಗಿ ಸಂಖ್ಯೆಗೆ ತಿರುಗಿಸಿದರೆ ಆ ಸಾಲುಗಳು ಖಾಲಿಯಾಗಿ, ಅಂಟದ ಅಣುಗಳೆಲ್ಲ ಮಾಯ. ಪಿಡಿಎಸ್‌ಪಿಯಲ್ಲಿ ಚಿಹ್ನೆ ಪಕ್ಕದ ಕಾಲಮ್‌ನಲ್ಲಿದೆ. ಅದನ್ನು ಓದದಿದ್ದರೆ ಅಂಟದ ಅಣು ಸರಿಯಾಗಿ 10,000 ನ್ಯಾನೊಮೋಲಾರ್‌ಗೆ ಅಂಟಿದಂತೆ ದಾಖಲಾಗುತ್ತದೆ. ಒಂದರಲ್ಲಿ ಮಾಯ, ಇನ್ನೊಂದರಲ್ಲಿ ಸುಳ್ಳು. ಕೆಂಬಲ್ ಚಿಹ್ನೆಗೆ ಬೇರೆ ಕಾಲಮ್ ಕೊಟ್ಟು, ಬೆಲೆ ಮತ್ತು ಏಕಮಾನವನ್ನೂ ಬೇರೆಬೇರೆ ಇಟ್ಟಿದೆ. ಹಾಗಂತ ನನ್ನ ಮೆಚ್ಚಿನದಕ್ಕೂ ಪೂರ್ತಿ ಅಂಕ ಕೊಡಲಾರೆ: ಎಲ್ಲರೂ ಕಣ್ಣುಮುಚ್ಚಿ ಎತ್ತಿಕೊಳ್ಳುವ ಪಿಕೆಂಬಲ್ ಬೆಲೆ (ಅಳತೆಗಳನ್ನು ಒಂದೇ ಲಾಗ್ ಮಾಪಕಕ್ಕೆ ತಂದ ಅಂಕಿ) ಇರುವುದು = ಚಿಹ್ನೆಯ ಸಾಲುಗಳಿಗೆ ಮಾತ್ರ. ಅದನ್ನೊಂದೇ ನೆಚ್ಚಿದರೆ ಇಲ್ಲೂ ಅಂಟದವು ಕೈಬಿಟ್ಟುಹೋಗುತ್ತವೆ.

ಪಿಡಿಎಸ್‌ಪಿ ಗೆಲ್ಲುವ ಜಾಗ ಒಂದಿದೆ. ಯಾವ ವಿಕಿರಣಶೀಲ ಲಿಗ್ಯಾಂಡ್ ಜೊತೆ ಪೈಪೋಟಿಗೆ ಬಿಟ್ಟು ಅಳೆದರು ಎಂಬುದಕ್ಕೆ ಅಲ್ಲಿ ಪ್ರತ್ಯೇಕ ಕಾಲಮ್ಮೇ ಇದೆ. ಡಿ2ನಲ್ಲಿ ಇದು ಸಣ್ಣ ವಿಷಯವಲ್ಲ. ಜಿ ಪ್ರೋಟೀನ್ (ರಿಸೆಪ್ಟರ್‌ನ ಸಂಕೇತವನ್ನು ಕೋಶದೊಳಗೆ ಒಯ್ಯುವ ಪ್ರೋಟೀನ್) ಜೊತೆಗೂಡಿದ ಸ್ಥಿತಿಯಲ್ಲಿ ಅಗೋನಿಸ್ಟ್‌ಗಳು (ರಿಸೆಪ್ಟರನ್ನು ಚಾಲೂ ಮಾಡುವ ಅಣುಗಳು) ಬಿಗಿಯಾಗಿ, ಬಿಟ್ಟ ಸ್ಥಿತಿಯಲ್ಲಿ ಸಡಿಲವಾಗಿ ಅಂಟುತ್ತವೆ. ಸ್ಪೈಪರೋನ್‌ನಂಥ ಆಂಟಾಗೋನಿಸ್ಟ್ (ರಿಸೆಪ್ಟರನ್ನು ತಡೆಯುವ ಅಣು) ಎದುರು ಅಳೆದ ಡೋಪಮಿನ್‌ನ ಕೆಐಗೂ, ಅಗೋನಿಸ್ಟ್ ಎದುರು ಅಳೆದದ್ದಕ್ಕೂ ನೂರು ಪಟ್ಟು ಅಂತರ ಬಂದರೂ ಎರಡೂ ಸರಿಯೇ. ಸರಾಸರಿ ತೆಗೆದರೆ ಮಾತ್ರ ತಪ್ಪು. ಕೆಂಬಲ್‌ನಲ್ಲಿ ಈ ಮಾಹಿತಿ ಪ್ರಯೋಗದ ವಿವರಣೆಯ ವಾಕ್ಯದೊಳಗೆ ಹುದುಗಿರುತ್ತದೆ, ಹೆಕ್ಕಿ ತೆಗೆಯಬೇಕು.

ಬೈಂಡಿಂಗ್‌ಡಿಬಿಗೆ ಪಿಎಚ್ ಮತ್ತು ತಾಪಮಾನದ ಕಾಲಮ್‌ಗಳಿರುವುದು ಒಳ್ಳೆಯದು. ಹಲವು ಸರಪಳಿಗಳ ಪ್ರೋಟೀನ್‌ಗಳಿಗಾಗಿ ಕಾಲಮ್‌ಗಳು ಬಲಕ್ಕೆ ಬೆಳೆಯುತ್ತಲೇ ಹೋಗುವುದು ತಲೆನೋವು. ಪೂರ್ತಿ ಫೈಲ್ ಬೇಡ, ಒಂದೇ ಟಾರ್ಗೆಟ್‌ನದ್ದು ಇಳಿಸಿ.

ಫಾರ್ಮಕಾಲಜಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಐಯುಫಾರ್‌ನ ಗೈಡ್ ಟು ಫಾರ್ಮಕಾಲಜಿ ಪರಿಣತರು ಕೂತು ಆರಿಸಿದ್ದು. ಅಂಕಿ ಕಡಿಮೆ, ನಂಬಿಕೆ ಹೆಚ್ಚು. ಪೂರ್ತಿ ಅಗೋನಿಸ್ಟೋ ಭಾಗಶಃವೋ ಎಂದು ತಿಳಿಯಲು ಮೊದಲು ಅಲ್ಲೇ ನೋಡಿ. ಸಿಎಸ್‌ವಿಯ ಮೊದಲ ಸಾಲು ಆವೃತ್ತಿಯ ಟಿಪ್ಪಣಿ, ಅದನ್ನು ಹಾರಿಸಿ ಓದಿ.

ಡಿ2 ಸೇರಿರುವ ರಿಸೆಪ್ಟರ್ ಕುಟುಂಬದ ಡೇಟಾಬೇಸ್ ಜಿಪಿಸಿಆರ್‌ಡಿಬಿ ಬೇಕಾಗುವುದು ರಚನೆಗಳಿಗೆ, ಬೇರೆಬೇರೆ ರಿಸೆಪ್ಟರ್‌ಗಳ ಅಮೈನೊ ಆಮ್ಲಗಳಿಗೆ ಹಾಕಿದ ಸಮಾನ ಸಂಖ್ಯೆಗಳಿಗೆ. ಔಷಧಗಳ ಡೇಟಾಬೇಸ್ ಡ್ರಗ್‌ಬ್ಯಾಂಕ್‌ನ ವಾಣಿಜ್ಯ ಬಳಕೆಗೆ ಲೈಸೆನ್ಸ್ ಬೇಕು, ನನ್ನ ಬಜೆಟ್ಟಿಗೆ ಅದು ಹೊರಗೆ.

ನಾನು ಎಸ್‌ಕ್ಯೂಎಲ್‌ನಲ್ಲಿ ಕೇಳಿ ಪೈಥಾನ್‌ನಲ್ಲಿ ಅರೆಯುವವನು, ದುಡ್ಡು ಕೊಡುವವನಲ್ಲ. ಹಾಗಾಗಿ ಕೆಂಬಲ್‌ನ ಎಸ್‌ಕ್ಯೂಲೈಟ್ ಪ್ರತಿಯೇ ಅಡಿಪಾಯ. ಬಿಚ್ಚಿದರೆ 20 ಜಿಬಿ ದಾಟುತ್ತದೆ, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ಬೈಂಡಿಂಗ್ ಪ್ರಯೋಗ, ಕಾನ್ಫಿಡೆನ್ಸ್ ಸ್ಕೋರ್ 9 (ಟಾರ್ಗೆಟ್ ಇದೇ ಪ್ರೋಟೀನ್ ಎಂಬ ಅತಿ ಹೆಚ್ಚಿನ ಖಾತ್ರಿ), ಕೆಐ ಮಾತ್ರ ಎಂದು ಸೋಸಿ. ಐಸಿ50 (ವಿಕಿರಣಶೀಲ ಲಿಗ್ಯಾಂಡ್‌ನ ಅಂಟುವಿಕೆಯನ್ನು ಅರ್ಧಕ್ಕಿಳಿಸುವ ಸಾಂದ್ರತೆ) ಬೆರೆಸಬೇಡಿ: ಆ ವಿಕಿರಣಶೀಲ ಲಿಗ್ಯಾಂಡ್‌ನ ಸಾಂದ್ರತೆ ಅದರ ಕೆಡಿಗೆ (ಅದರದೇ ಅಂಟುವ ಬಲದ ಅಳತೆ) ಸಮವಾಗಿದ್ದರೂ ಐಸಿ50 ಕೆಐಯ ಎರಡರಷ್ಟಾಗುತ್ತದೆ. ಪೇಟೆಂಟ್ ಅಣುಗಳು ಬೇಕಾದಾಗಷ್ಟೇ ಬೈಂಡಿಂಗ್‌ಡಿಬಿ, ಅಗೋನಿಸ್ಟ್‌ಗಳ ಅಂಕಿ ಚೆಲ್ಲಾಪಿಲ್ಲಿಯಾಗಿ ಕಂಡಾಗ ಪಿಡಿಎಸ್‌ಪಿ.