ಮನೆಯಿಂದ ಲಾಗಿನ್, ಗ್ರಂಥಾಲಯದ ವೈಫೈ, ಪುಕ್ಕಟೆ ತಾಣಗಳು: ಮೂರನ್ನೂ ಬಳಸಿ ನೋಡಿದ ಮೇಲೆ

ಸಂಶೋಧನಾ ಲೇಖನಗಳನ್ನು ಓದಲು ಇರುವ ಈ ಮೂರು ದಾರಿಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಶ್ವವಿದ್ಯಾಲಯ ಕೊಡುವ ಐಡಿಯಿಂದ ಮನೆಯಲ್ಲೇ ಲಾಗಿನ್ ಆಗುವುದಕ್ಕೇ. ಕಾಪುವಿನ ನಮ್ಮ ಮನೆಗೆ ಫೈಬರ್ ಕನೆಕ್ಷನ್ ಹಾಕಿಸಿದ್ದೇ ಇದಕ್ಕೋಸ್ಕರ. ತಿಂಗಳಿಗೆ ಐನೂರು ಚಿಲ್ಲರೆ ಹೋಗುತ್ತದೆ. ಆ ದುಡ್ಡು ದಂಡವಾಯಿತು ಅಂತ ಒಮ್ಮೆಯೂ ಅನ್ನಿಸಿಲ್ಲ.

ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಿದವಳು ನಾನು. ವಿಷಯ ಮಂಗಳೂರು ಹಂಚಿನ ಕಾರ್ಖಾನೆಗಳು, ಅಲ್ಲಿ ದುಡಿದವರ ಕೂಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಮಾಡಲು ಶುರು ಮಾಡಿದಲ್ಲಿಂದ ಕತೆ ಹಿಡಿಯಬೇಕು. ಓದಬೇಕಾದ ಲೇಖನಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಜರ್ನಲ್‌ಗಳಲ್ಲಿವೆ. ಸುಮ್ನೆ ಗೂಗಲ್ ಮಾಡಿ ತೆರೆಯಲು ಹೋದರೆ ಒಂದೊಂದು ಲೇಖನಕ್ಕೆ ಮೂವತ್ತು, ನಲವತ್ತು ಡಾಲರ್ ಕೇಳುತ್ತಾರೆ. ನನ್ನ ಸಂಬಳದಲ್ಲಿ ಅದು ಆಗುವ ಹೋಗುವ ಮಾತಲ್ಲ.

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಿ ಕ್ಯಾಂಪಸ್ ವೈಫೈ ಹಿಡಿದರೆ ಅದೇ ಲೇಖನ ತಟ್ಟನೆ ತೆರೆಯುತ್ತದೆ. ಹೆಸರು ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ. ಪ್ರಕಾಶಕರಿಗೆ ನನ್ನ ಗುರುತು ಇಲ್ಲ, ಆದರೆ ಕ್ಯಾಂಪಸ್ಸಿನ ಐಪಿ ವಿಳಾಸದ, ಅಂದರೆ ಇಂಟರ್‌ನೆಟ್‌ನಲ್ಲಿ ಅದಕ್ಕಿರುವ ಸಂಖ್ಯೆಯ, ಗುರುತು ಉಂಟು. ಆ ವಿಳಾಸದಿಂದ ಯಾರೇ ಬಂದರೂ ಬಾಗಿಲು ತೆಗೆಯುತ್ತಾರೆ. ಬಳಸುವ ಸುಖ ಅಂತ ಮಾತ್ರ ನೋಡಿದರೆ ಇದಕ್ಕೇ ಮೊದಲ ಸ್ಥಾನ.

ಕಷ್ಟ ಅಲ್ಲಿಗೆ ತಲುಪುವುದರಲ್ಲಿ. ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ಸು, ಇಳಿದು ಇನ್ನೊಂದು ಬಸ್ಸು. ಕೂಳೂರು ಸೇತುವೆಯ ಹತ್ತಿರ ಬ್ಲಾಕ್ ಆದರೆ ಅರ್ಧ ಬೆಳಿಗ್ಗೆ ಅಲ್ಲೇ ಮುಗಿಯಿತು. ಬಸ್ಸು, ಊಟ, ಜೆರಾಕ್ಸ್ ಎಲ್ಲ ಸೇರಿ ಮುನ್ನೂರು ರೂಪಾಯಿ ಕೈಬಿಡುತ್ತದೆ. ನನಗೆ ಬಿಡುವು ಸಿಗುವುದು ರಾತ್ರಿ ಊಟ ಮುಗಿದು, ಮಗ ಮಲಗಿದ ಮೇಲೆ. ಆ ಹೊತ್ತಿಗೆ ಯಾವ ಗ್ರಂಥಾಲಯ ತೆರೆದಿರುತ್ತದೆ ಹೇಳಿ?

ಹಾಗಾಗಿ ಮನೆಯ ಲಾಗಿನ್. ಆದರೆ ಅದನ್ನು ಪಡೆಯುವುದಿದೆಯಲ್ಲ, ಅದೊಂದು ದೊಡ್ಡ ರಾಮಾಯಣ.

ಸಿಸ್ಟಮ್ ಅಪ್‌ಡೇಟ್ ಆಗುವ ಮುಂಚೆ ಗ್ರಂಥಾಲಯದವರೇ ಒಂದು ಯೂಸರ್‌ನೇಮ್ ಕೊಡುತ್ತಿದ್ದರು, ಕೆಲಸ ನಡೆಯುತ್ತಿತ್ತು. ಹೊಸ ವ್ಯವಸ್ಥೆ ಬಂದ ದಿನ ಹಳೆಯ ಪಾಸ್‌ವರ್ಡ್‌ಗಳೆಲ್ಲ ಸತ್ತವು. ಹೊಸ ಪಾಸ್‌ವರ್ಡ್ ಮಾಡಿಕೊಳ್ಳಲು ಲಿಂಕ್ ಬರುತ್ತದೆ ಅಂದರು. ಲಿಂಕ್ ಬರುವುದು ಎಲ್ಲಿಗೆ? ವಿಶ್ವವಿದ್ಯಾಲಯದ್ದೇ ಇಮೇಲ್‌ಗೆ. ನಮ್ಮಂಥ ಪಾರ್ಟ್‌ಟೈಮ್‌ನವರಿಗೆ ಆ ಇಮೇಲನ್ನು ಯಾರೂ ಮಾಡಿಕೊಟ್ಟೇ ಇರಲಿಲ್ಲ. ಜಿಮೇಲ್ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ.

ಫೋನ್ ಮಾಡಿದೆ. "ಮೇಡಂ, ನಿಮ್ಮ ಹೆಸರೇ ಇಲ್ಲ ಇದರಲ್ಲಿ. ಐಡಿ ಮಾಡಿಸ್ಲಿಕ್ಕೆ ಫಾರ್ಮ್ ಉಂಟು, ಬಂದು ಕೊಡಿ" ಅಂದರು. ಫಾರ್ಮನ್ನು ಇಮೇಲ್‌ನಲ್ಲಿ ಕಳಿಸಬಹುದಾ ಅಂದರೆ, ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಅದರ ಮೇಲೆ ಸೀಲು, ಎಲ್ಲ ಒರಿಜಿನಲ್ಲೇ ಆಗಬೇಕಂತೆ. ಮನೆಯಲ್ಲಿ ಕೂತು ಓದುವ ಸೌಲಭ್ಯಕ್ಕೆ ಮನೆಯಿಂದ ಅರ್ಜಿ ಹಾಕುವಂತಿಲ್ಲ! ಗೈಡ್ ಇದ್ದ ದಿನ ಮುಖ್ಯಸ್ಥರು ಮೀಟಿಂಗಿನಲ್ಲಿ, ಮುಖ್ಯಸ್ಥರು ಸಿಕ್ಕಿದ ದಿನ ಕಂಪ್ಯೂಟರ್ ವಿಭಾಗದವರು ರಜೆಯಲ್ಲಿ. ಕೌಂಟರಿನಲ್ಲಿ ಇರುವವರದ್ದೇನೂ ತಪ್ಪಿಲ್ಲ, ಪಾಪ. ನನ್ನ ಫಾರ್ಮಿನ ಹಿಂದೆ ಬಿದ್ದು ಐಡಿ ಮಾಡಿಸಿದವರೂ ಅವರೇ. ಆದರೆ ಹೊಸ ತಂತ್ರಜ್ಞಾನ ತರುವಾಗ ಪಾರ್ಟ್‌ಟೈಮ್‌ನವರು ಅಂತ ಒಂದು ಜಾತಿ ಇದೆ ಎನ್ನುವುದು ಯಾರಿಗಾದರೂ ನೆನಪಾಗಬೇಕಿತ್ತು, ಅಲ್ವಾ?

ಲಾಗಿನ್ ಸಿಕ್ಕಿದ ಮೇಲೂ ಒಂದು ಕಿರಿಕಿರಿ ಉಳಿಯಿತು. ಪ್ರಕಾಶಕರ ತಾಣದಲ್ಲಿ ಸಂಸ್ಥೆಯ ಮೂಲಕ ಪ್ರವೇಶ ಎಂಬ ಬಟನ್ ಒತ್ತಬೇಕು. ಆಮೇಲೆ ಇನ್‌ಫೆಡ್ ಅಂತ ಆರಿಸಬೇಕು. ಇದು ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಒಕ್ಕೂಟ. ಇದರಲ್ಲಿ ಸೇರಿದ ಸಂಸ್ಥೆಗಳ ಉದ್ದ ಪಟ್ಟಿಯಲ್ಲಿ ನಮ್ಮದನ್ನು ಹುಡುಕಿ ಒತ್ತಿದರೆ ಪಾಸ್‌ವರ್ಡ್ ಕೇಳುವ ಪುಟ ಬರುತ್ತದೆ. ಎಲ್ಲ ಸರಿಯಾಗಿ ಕೊಟ್ಟ ಮೇಲೆ ನಾವು ಬೇಕೆಂದ ಲೇಖನಕ್ಕೆ ಹೋಗುವ ಬದಲು ಎಷ್ಟೋ ಸಲ ತಾಣದ ಮುಖಪುಟಕ್ಕೆ ತಂದು ಬಿಡುತ್ತದೆ. ಮತ್ತೆ ಹುಡುಕು. ಇನ್ನೊಬ್ಬ ಪ್ರಕಾಶಕರ ಲೇಖನ ಬೇಕಾದರೆ ಅಲ್ಲಿ ಪುನಃ ಅದೇ ಬಟನ್, ಅದೇ ಪಟ್ಟಿ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರಂತೂ ಕೇಳುವುದೇ ಬೇಡ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಡಿಒಐ, ಅಂದರೆ ಲೇಖನದ ಕಾಯಂ ಗುರುತಿನ ಸಂಖ್ಯೆ. ಹೆಚ್ಚಿನ ಲೇಖನಗಳ ಮೊದಲ ಪುಟದಲ್ಲಿ 10 ಎಂದು ಶುರುವಾಗುವ ಈ ಸಂಖ್ಯೆ ಇರುತ್ತದೆ. ಅದನ್ನು ಮೊದಲೇ ಕಾಪಿ ಮಾಡಿಟ್ಟುಕೊಂಡು, ಲಾಗಿನ್ ಆಗಿ, ಆ ತಾಣದ ಹುಡುಕುವ ಜಾಗದಲ್ಲಿ ಅಂಟಿಸಿದರೆ ನೇರ ಲೇಖನಕ್ಕೆ ಹೋಗುತ್ತದೆ. ಇನ್ನೊಂದು ದಾರಿಯೂ ಉಂಟು. ಕ್ಯಾಂಪಸ್ಸಿಗೆ ಹೋದಾಗ ಅಲ್ಲಿನ ವೈಫೈನಲ್ಲಿ, ನಮ್ಮ ಗೂಗಲ್ ಖಾತೆಯಿಂದಲೇ ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್ ತೆರೆದು ಏನಾದರೂ ಹುಡುಕಿ ಬಂದರೆ, ಕೆಲವು ಪ್ರಕಾಶಕರ ಲೇಖನಗಳು ಆಮೇಲೆ ಕೆಲವು ದಿನ ಮನೆಯಲ್ಲೂ ತೆರೆಯುತ್ತವೆ. ಬೇರೆ ಕೆಲಸಕ್ಕೆ ಹೋದಾಗಲೂ ನಾನಿದನ್ನು ತಪ್ಪದೆ ಮಾಡಿಯೇ ಬರುವುದು.

ಇಷ್ಟೆಲ್ಲ ಬೈದರೂ ಮನೆಯ ಲಾಗಿನ್ನೇ ಯಾಕೆ ಇಷ್ಟ ಅಂದರೆ, ಒಳಗೆ ಸಿಗುವ ಸರಕು ಹಾಗಿದೆ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿ 1ರಿಂದ ಶುರುವಾಗಿದೆ. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ ಇದು ಸಿಗುತ್ತದೆ. ಕೇಂಬ್ರಿಜ್‌ನವರ ಮಾಡರ್ನ್ ಏಷ್ಯನ್ ಸ್ಟಡೀಸ್ ಇರಲಿ, ಸೇಜ್‌ನವರ ಇಂಡಿಯನ್ ಎಕನಾಮಿಕ್ ಆ್ಯಂಡ್ ಸೋಶಿಯಲ್ ಹಿಸ್ಟರಿ ರಿವ್ಯೂ ಇರಲಿ, ರಾತ್ರಿ ಹತ್ತೂವರೆಗೆ ಅಡುಗೆಮನೆಯ ಮೇಜಿನ ಮೇಲೆ ಓದಬಹುದು.

ಪುಕ್ಕಟೆ ತಾಣಗಳನ್ನು ಎರಡನೇ ಸ್ಥಾನಕ್ಕೆ ಇಡುತ್ತೇನೆ. ಫಾರ್ಮು, ಸೀಲು ಯಾವುದೂ ಬೇಡ ಎನ್ನುವುದೇ ದೊಡ್ಡ ಸಮಾಧಾನ. ಜರ್ನಲ್ ಲೇಖನಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನಲ್ಲಿ ಯಾರು ಬೇಕಾದರೂ ಉಚಿತ ಖಾತೆ ತೆರೆದು ತಿಂಗಳಿಗೆ 100 ಲೇಖನ ಪರದೆಯ ಮೇಲೆ ಓದಬಹುದು. ಡೌನ್‌ಲೋಡ್ ಇಲ್ಲ, ಅಷ್ಟೇ. ಬಾಸೆಲ್ ಮಿಷನ್ ಪತ್ರಾಗಾರದ ತಾಣದಲ್ಲಿ ನಮ್ಮ ಕಡೆಯ ಹಳೆಯ ಫೋಟೋಗಳಿವೆ. ಹಂಚಿನ ಕಾರ್ಖಾನೆಯ ಅಂಗಳ, ಸಾಲಾಗಿ ನಿಂತ ಕೆಲಸಗಾರರು. ನನ್ನ ವಿಷಯಕ್ಕೆ ಯಾವ ಜರ್ನಲ್ಲೂ ಕೊಡದ ವಸ್ತು ಅದು. ಬ್ರಿಟಿಷರ ಕಾಲದ ಜಿಲ್ಲಾ ಮಾಹಿತಿ ಪುಸ್ತಕವಾದ 1894ರ ದಕ್ಷಿಣ ಕನ್ನಡ ಜಿಲ್ಲಾ ಮ್ಯಾನ್ಯುಯಲ್, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಇಡುವ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಕ್ಕಿತು.

ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ಅಧ್ಯಾಯಕ್ಕೊಂದು ಪಿಡಿಎಫ್ ಮಾಡಿ ಹಾಕಿರುತ್ತಾರೆ, ಒಂದೊಂದೇ ಇಳಿಸಿಕೊಳ್ಳಬೇಕು. ಕನ್ನಡದ್ದಾದರೆ ಇನ್ನೊಂದು ತೊಡಕು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ವ್ಯವಸ್ಥೆ ಬಳಕೆಗೆ ಬರುವ ಮುಂಚೆ ನುಡಿ, ಬರಹ ಎಂಬ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪ್ರಬಂಧ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆ ಎಲ್ಲ ಕಲಸಿ ಬರುತ್ತದೆ. ಹಂಚು ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ, ಕಣ್ಣೆದುರೇ ಹಂಚು ಇರುತ್ತದೆ. ಸ್ಕ್ಯಾನ್ ಮಾಡಿದ ಹಳೆಯವುಗಳದ್ದೂ ಇದೇ ಪಾಡು. ಒಂದೊಂದೇ ಪುಟ ತಿರುಗಿಸಿ ಓದುವುದೇ ಗತಿ.

ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್ ಬಗ್ಗೆ ಒಂದೇ ಮಾತು. ಪುಸ್ತಕ ಕಪಾಟಿನಲ್ಲಿದೆಯೋ ಯಾರಾದರೂ ಒಯ್ದಿದ್ದಾರೋ ಎಂದು ಬಸ್ಸು ಹತ್ತುವ ಮೊದಲೇ ಗೊತ್ತಾಗುತ್ತದೆ, ಅದಕ್ಕಿಂತ ಜಾಸ್ತಿ ನಾನು ಅದರಿಂದ ಕೇಳುವುದೂ ಇಲ್ಲ.

ಹಾಗಂತ ಎಲ್ಲರಿಗೂ ನನ್ನ ದಾರಿಯೇ ಸರಿ ಅಂತಲ್ಲ. ಹಾಸ್ಟೆಲಿನಲ್ಲಿರುವವರು ಲಾಗಿನ್ ಹಿಂದೆ ಓಡುವುದು ಬೇಡ, ವೈಫೈ ಸಾಕು. ಎಂಎ ಡಿಸರ್ಟೇಶನ್‌ಗೆ ಓದುವವರಿಗೆ ಜೆಸ್ಟೋರ್, ಶೋಧಗಂಗಾ ಎರಡರಲ್ಲೇ ಕೆಲಸ ಮುಗಿಯುತ್ತದೆ. ಕೆಲಸ, ಮನೆ, ಪಿಎಚ್‌ಡಿ ಮೂರನ್ನೂ ಎಳೆಯುವವರು ಮಾತ್ರ ಆ ಇಮೇಲ್ ಐಡಿಯನ್ನು ಸೇರಿದ ವಾರವೇ ಮಾಡಿಸಿಕೊಳ್ಳಿ. ಫಾರ್ಮಿನ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಮ್ಮಲ್ಲಿ ಪ್ರತಿ ವರ್ಷ ಲಾಗಿನ್ ರಿನೀವಲ್‌ಗೆ ಫೀಸು ಕಟ್ಟಿದ ರಸೀದಿಯನ್ನೂ ಕೇಳುತ್ತಾರೆ, ಅದರದ್ದೊಂದು ಫೋಟೋ ಫೋನಿನಲ್ಲಿರಲಿ.