ಚೆಟ್ಟಿನಾಡಿನ ಮಹಲುಗಳನ್ನು ಒಂದೇ ದಿನದಲ್ಲಿ ತೋರಿಸುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುನ್ನ

ತಮಿಳುನಾಡಿನ ಮದುರೈಯಿಂದ ಚೆಟ್ಟಿನಾಡಿನ ಕಾರೈಕುಡಿ ಕಡೆಗೆ ಕರೆದೊಯ್ದು, ನಾಟ್ಟುಕೋಟೈ ಚೆಟ್ಟಿಯಾರರೆಂಬ ವ್ಯಾಪಾರಿ ಸಮುದಾಯದವರ ಹಳೆಯ ಮಹಲುಗಳನ್ನು ಒಳಹೊಕ್ಕು ತೋರಿಸುತ್ತೇವೆಂದು ಹೇಳಿ ಪೂರ್ತಿ ಹಣವನ್ನು ಮೊದಲೇ ಕಟ್ಟಿಸಿಕೊಳ್ಳುವ ಏಜೆಂಟರ ವಿಷಯದಲ್ಲಿ ದಯವಿಟ್ಟು ಎಚ್ಚರವಾಗಿರಿ. ಮೈಸೂರು–ತೂತುಕುಡಿ ರೈಲಿನಲ್ಲಿ ಹೋಗಿ, ಮೀನಾಕ್ಷಿಯ ದರ್ಶನ ಮುಗಿಸಿ, ಮರುದಿನ ಚೆಟ್ಟಿನಾಡು ನೋಡಿ ಬರೋಣವೆಂದುಕೊಳ್ಳುವ ಕನ್ನಡಿಗರು ಅನೇಕರಿದ್ದಾರೆ. ವಯಸ್ಸಾದ ಅತ್ತೆಯವರನ್ನು ಕರೆದುಕೊಂಡು ನಾವು ಹೋದದ್ದೂ ಹಾಗೆಯೇ.

ನಮಗೆ ಕಳುಹಿಸಿದ ಪಟ್ಟಿಯಲ್ಲಿ ಕಾನಾಡುಕಾತಾನಿನ ಅರಮನೆ, ಕಾರೈಕುಡಿಯ ಸಾವಿರ ಕಿಟಕಿಗಳ ಮನೆ, ಆತ್ತಂಗುಡಿಯ ದೊಡ್ಡ ಮನೆ, ಇವುಗಳೊಂದಿಗೆ ಹೆಸರಿಲ್ಲದ ಇನ್ನೂ ಕೆಲವು ಮಹಲುಗಳು ಮತ್ತು ‘ಅವುಗಳ ಉದ್ಯಾನಗಳು’ ಎಂದಿತ್ತು. ಪ್ರವೇಶ ಶುಲ್ಕ, ಗೈಡ್, ಮಧ್ಯಾಹ್ನದ ಚೆಟ್ಟಿನಾಡು ಊಟ ಎಲ್ಲವೂ ಸೇರಿದೆ ಎಂದು ಫೋನಿನಲ್ಲಿ ಒತ್ತಿ ಹೇಳಿದ್ದರು. ಉದ್ಯಾನ ಎಂಬ ಆ ಮಾತೇ, ಪಟ್ಟಿ ಬರೆದವರು ಈ ಮನೆಗಳನ್ನು ಸರಿಯಾಗಿ ನೋಡಿಲ್ಲವೆಂಬುದಕ್ಕೆ ಸಾಕ್ಷಿ. ಚೆಟ್ಟಿನಾಡಿನ ಮನೆ ಸಾಮಾನ್ಯವಾಗಿ ಒಂದು ಬೀದಿಯಿಂದ ಹಿಂದಿನ ಬೀದಿಯವರೆಗೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಜಗಲಿ ದಾಟಿದರೆ ಮುಗಪ್ಪು ಎಂಬ ಮುಂಭಾಗ, ಅದರಾಚೆ ಕಂಬಸಾಲಿನ ದೊಡ್ಡ ತೊಟ್ಟಿ, ಅದರ ಹಿಂದೆ ಊಟದ ಮತ್ತು ಅಡುಗೆಯ ಕಟ್ಟುಗಳು, ಅಂದರೆ ಮನೆಯ ವಿಭಾಗಗಳು. ಬಯಲೆಂಬುದು ಬಹುಮಟ್ಟಿಗೆ ಈ ತೊಟ್ಟಿಗಳೊಳಗೇ ಇರುವುದರಿಂದ, ಒಳಗೆ ಕಾಲಿಡದೆ ಹೊರಗಿನಿಂದ ನೋಡಿದವರಿಗೆ ಕಾಣುವುದು ಎತ್ತರದ ಗೋಡೆ ಮತ್ತು ಗಾರೆಯ ಬೊಂಬೆಗಳು ಮಾತ್ರ.

ನಮಗೆ ದಿನದ ಹೆಚ್ಚಿನ ಹೊತ್ತು ಕಂಡದ್ದು ಅಷ್ಟೇ. 1912ರಲ್ಲಿ ಅಣ್ಣಾಮಲೈ ಚೆಟ್ಟಿಯಾರರು ಕಟ್ಟಿಸಿದ ಕಾನಾಡುಕಾತಾನಿನ ಅರಮನೆಯ ಗೇಟಿನ ಮುಂದೆ ವ್ಯಾನು ನಿಲ್ಲಿಸಿ, ಇಲ್ಲಿಂದಲೇ ಫೋಟೋ ತೆಗೆದುಕೊಳ್ಳಿ ಎಂದರು. ಕಾರೈಕುಡಿಯಲ್ಲೂ ಅದೇ ಕಥೆಯಾಯಿತು. ಗೈಡ್ ಎಂದು ಬಂದಿದ್ದ ಹುಡುಗನನ್ನು ವಿಚಾರಿಸಿದಾಗ, ‘ಓನರ್ ಊರಲ್ಲಿಲ್ಲ ಸಾರ್’ ಎಂಬ ಒಂದೇ ಉತ್ತರ ಬಂತು. ಓನರ್ ಊರಲ್ಲಿಲ್ಲದಿರುವುದು ಆಕಸ್ಮಿಕವೇನೂ ಅಲ್ಲ. ಬರ್ಮಾ, ಸಿಲೋನ್, ಮಲಯಾಗಳಲ್ಲಿ ಲೇವಾದೇವಿ ನಡೆಸಿ ಗಳಿಸಿದ ಹಣದಲ್ಲಿ, ಬರ್ಮಾ ತೇಗ ಮತ್ತು ಇಟಲಿಯ ಅಮೃತಶಿಲೆ ತರಿಸಿ ಎದ್ದ ಮನೆಗಳಿವು. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಆ ವ್ಯವಹಾರ ಮುರಿದುಬಿತ್ತು, ಕುಟುಂಬಗಳು ಚದುರಿದವು. ಈಗ ಇಂಥ ಬಹಳಷ್ಟು ಮನೆಗಳಿಗೆ ಹಲವಾರು ವಾರಸುದಾರರಿದ್ದು, ಮದುವೆಗೋ ಷಷ್ಟ್ಯಬ್ದಿಗೋ ಎಲ್ಲರೂ ಒಟ್ಟಾಗಿ ಬಂದಾಗಲಷ್ಟೇ ಬಾಗಿಲು ಪೂರ್ತಿ ತೆರೆಯುತ್ತದೆ. ಉಳಿದ ದಿನಗಳಲ್ಲಿ ಕೀಲಿ ಕಾವಲುಗಾರನ ಕೈಯಲ್ಲಿರುತ್ತದೆ. ತಮ್ಮ ಮನೆಗೆ ಬೀಗ ಹಾಕಿಕೊಳ್ಳುವುದು ಅವರ ಹಕ್ಕು. ಅವರನ್ನು ಒಂದು ಮಾತೂ ಕೇಳದೆ, ಅವರ ಮನೆಯ ಪ್ರವೇಶವನ್ನು ಮೂರನೆಯವನೊಬ್ಬ ನಮಗೆ ಮಾರಿದ್ದೇ ಇಲ್ಲಿ ನಡೆದ ಮೋಸ.

ಹೆಸರಿಲ್ಲದ ಮಹಲುಗಳ ಪೈಕಿ ಒಂದರ ಬಾಗಿಲು ಮಾತ್ರ ತೆರೆಯಿತು. ಶುಲ್ಕವೆಲ್ಲ ಸೇರಿದೆ ಎಂದಿದ್ದರೂ ಅಲ್ಲಿ ತಲೆಗಿಷ್ಟೆಂದು ಮತ್ತೆ ಹಣ ವಸೂಲಿ ಮಾಡಿದರು, ರಸೀದಿ ಕೊಡಲಿಲ್ಲ. ಆದರೂ ಆ ಮೊದಲ ತೊಟ್ಟಿಯಲ್ಲಿ ನಿಂತಷ್ಟು ಹೊತ್ತು ಮನಸ್ಸು ತುಂಬಿಬಂದದ್ದು ನಿಜ. ಸುಣ್ಣ, ಮೊಟ್ಟೆಯ ಬಿಳಿ, ಅಳಲೆಕಾಯಿ ಬೆರೆಸಿ ತಿಕ್ಕಿದ ಗಾರೆಯ ಗೋಡೆ ಅಂಗೈಗೆ ತಣ್ಣಗೆ, ನುಣುಪಾಗಿ ತಾಗುತ್ತಿತ್ತು. ಅತ್ತೆಯವರು ಕಂಬವೊಂದನ್ನು ಎರಡೂ ಕೈಯಿಂದ ಬಳಸಿ ಹಿಡಿಯಲು ನೋಡಿದರು. ಬೆರಳುಗಳು ಒಂದಕ್ಕೊಂದು ಮುಟ್ಟಲಿಲ್ಲ. ಎರಡನೆಯ ಕಟ್ಟಿಗೆ ಹೋಗುವಷ್ಟರಲ್ಲಿ, ಹೊತ್ತಾಯಿತೆಂದು ಹೊರಡಿಸಿದರು.

ಹೊತ್ತು ಎಲ್ಲಿಗೆ ಹೋಯಿತೆಂಬುದು ಆಮೇಲೆ ತಿಳಿಯಿತು. ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಗಂಟೆಗೂ ಮೀರಿ ಕೂರಿಸಿದರು. ಕೆಡವಿದ ಮನೆಗಳಿಂದ ಕಿತ್ತು ತಂದ ಕೆತ್ತನೆಯ ಬಾಗಿಲುವಾಡಗಳು ಗೋಡೆಗೆ ಒರಗಿದ್ದವು. ಕೊಂಡುಕೊಳ್ಳದಿದ್ದರೆ ಗೈಡಿನ ಮುಖ ಗಂಟಿಕ್ಕುತ್ತಿತ್ತು. ನೋಡಬೇಕೆಂದು ಬಂದ ಮನೆಗಳ ಅವಶೇಷಗಳನ್ನೇ ಕೊಳ್ಳಿರೆಂದು ಒತ್ತಾಯಿಸುವುದು ನನಗೆ ಬಹಳ ನೋವು ತಂದಿತು. ಆತ್ತಂಗುಡಿಯಲ್ಲಿ ಗಾಜಿನ ಮೇಲೆ ಬಣ್ಣದ ಸಿಮೆಂಟು ಸುರಿದು ಕೈಯಿಂದಲೇ ಟೈಲ್ಸ್ ಮಾಡುವುದನ್ನು ನೋಡಿದ್ದು ಮಾತ್ರ ಸಾರ್ಥಕವಾಯಿತು. ಪಾಲಿಶ್ ಇಲ್ಲದೆಯೇ ಅವುಗಳಿಗೆ ಹೊಳಪು ಬರುವುದು ಆ ಗಾಜಿನಿಂದ. ಆದರೆ ಅಲ್ಲೂ ಆರ್ಡರ್ ಕೊಡಿಸಲು ತಡಮಾಡಿದ್ದರಿಂದ, ಟಿಕೆಟ್ ಪಡೆದು ಯಾರು ಬೇಕಾದರೂ ನೋಡಬಹುದಾದ ಅದೇ ಊರಿನ ದೊಡ್ಡ ಮನೆಗೆ ನಾವು ತಲುಪಿದಾಗ ಬಾಗಿಲು ಹಾಕುತ್ತಿದ್ದರು. ಊಟ ಹೆದ್ದಾರಿಯ ಬದಿಯ ಸಾಧಾರಣ ಮೆಸ್ಸಿನಲ್ಲಿ ಮುಗಿದಿತ್ತು.

ಹೋಗಬೇಕೆಂದಿರುವವರು ಏಜೆಂಟರಿಂದ ಪ್ರತಿಯೊಂದು ಮನೆಯ ಹೆಸರನ್ನೂ, ಒಳಗೆ ಬಿಡುತ್ತಾರೆಯೇ ಅಥವಾ ಹೊರಗಿನಿಂದ ಮಾತ್ರವೇ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ. ಬಾಗಿಲು ತೆರೆಸುವವರು ಯಾರೆಂದು ಕೇಳಿ, ಹಾರಿಕೆಯ ಉತ್ತರ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಅಂಗಡಿಗಳಿಗೆ ಹೋಗುವುದಿಲ್ಲವೆಂದು ಮೊದಲೇ ತಿಳಿಸಿ, ಅರ್ಧ ಹಣವನ್ನು ಪ್ರವಾಸ ಮುಗಿದ ಮೇಲೆಯೇ ಕೊಡಿ. ಮದುರೈಯಿಂದ ಸುಮಾರು 90 ಕಿಲೋಮೀಟರ್ ದೂರವಿರುವ ಊರುಗಳನ್ನು ಒಂದೇ ಹಗಲಿನಲ್ಲಿ ಮುಗಿಸುವುದಕ್ಕಿಂತ, ಹೋಟೆಲ್ ಆಗಿ ಬದಲಾಗಿರುವ ಮಹಲುಗಳಲ್ಲೊಂದರಲ್ಲಿ ರಾತ್ರಿ ತಂಗುವುದು ಎಷ್ಟೋ ಮೇಲು. ಅಲ್ಲಿನ ಕೆಲಸದವರಿಗೆ ಸುತ್ತಲಿನ ಮನೆಗಳ ಕಾವಲುಗಾರರ ಪರಿಚಯವಿರುತ್ತದೆ, ಯಾವ ಬಾಗಿಲು ಯಾವಾಗ ತೆರೆಯುತ್ತದೆಂಬುದೂ ಗೊತ್ತಿರುತ್ತದೆ. ನಮ್ಮ ಏಜೆಂಟರು ಹಣ ಹಿಂದಿರುಗಿಸಲು ಒಪ್ಪದ ಕಾರಣ, ಅವರು ಕಳುಹಿಸಿದ್ದ ಪಟ್ಟಿ ಮತ್ತು ಹಣ ಸಂದಾಯದ ದಾಖಲೆಗಳನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಇಂಥದೇ ಅನುಭವವಾದವರು ತಾವೂ ಅಲ್ಲಿ ದೂರು ದಾಖಲಿಸಬೇಕೆಂದು ಕೋರುತ್ತೇನೆ.